ಚಳಿಗಾಲದ ರಜೆಗೆ ವೆನಿಸ್ಸೋ ಬಾರ್ಸೆಲೋನಾನೋ: ಅಮ್ಮನ ಜೊತೆ ಎರಡೂ ಸುತ್ತಿದ ಮೇಲೆ

ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆ ಹೋಗುವುದಾದರೆ ಬಾರ್ಸೆಲೋನಾಕ್ಕೆ ಹೋಗಿ. ವೆನಿಸ್ ಕೆಟ್ಟ ಊರು ಅಂತಲ್ಲ, ಅಷ್ಟು ಚೆಂದದ ಊರನ್ನು ನಾನು ಇನ್ನೊಂದು ನೋಡಿಲ್ಲ. ಆದರೆ ವೆನಿಸ್‌ನಿಂದ ಬಂದ ಮೇಲೆ ಅಮ್ಮ ನಾಲ್ಕು ದಿನ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದಳು. ಬಾರ್ಸೆಲೋನಾದಿಂದ ಬಂದ ಮಾರನೆಯ ದಿನ ಕಾಫಿ ಕುಡಿಯುತ್ತಲೇ "ಮತ್ತೆ ಯಾವಾಗ ಹೋಗೋಣ ಕಣೆ?" ಅಂದಳು.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಮ್ಮ ಮೈಸೂರಿನಿಂದ ಬರುವುದು ಚಳಿಗಾಲಕ್ಕೇ, ಬೇಸಿಗೆಯ ವಿಮಾನದ ಟಿಕೆಟ್ಟು ನಮ್ಮ ಕೈಗೆ ಎಟುಕುವುದಿಲ್ಲ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಜನವರಿ 6ಕ್ಕೂ ರಜೆ ಇರುವುದರಿಂದ ಕ್ರಿಸ್‌ಮಸ್‌ನಿಂದ ಅಲ್ಲಿಯವರೆಗೆ ಆಫೀಸು ಹೆಚ್ಚುಕಡಿಮೆ ಮುಚ್ಚಿದಂತೆಯೇ. ಅಮ್ಮನ ಶೆಂಗೆನ್ ವೀಸಾದಲ್ಲಿ ಇಟಲಿಗೂ ಸ್ಪೇನಿಗೂ ಹೋಗಿಬರಬಹುದು. ಮೊದಲ ಸಲ ಬಂದಾಗ ಡಿಸೆಂಬರ್ ಕೊನೆಯಲ್ಲಿ ವೆನಿಸ್‌ನಲ್ಲಿ ಮೂರು ರಾತ್ರಿ ಇದ್ದೆವು. ಈ ಸಲ ಜನವರಿ ಮೊದಲ ವಾರ ಬಾರ್ಸೆಲೋನಾದಲ್ಲಿ ಐದು ರಾತ್ರಿ.

ವೆನಿಸ್‌ನ ಮಾತು ಮೊದಲು ಮುಗಿಸುತ್ತೇನೆ. ಮ್ಯೂನಿಕ್‌ನಿಂದ ನೇರ ರೈಲಿದೆ. ಬ್ರೆನ್ನರ್ ಕಣಿವೆಯ ಹಿಮ ನೋಡುತ್ತಾ ಹೋಗಿ ಸಾಂತಾ ಲುಚೀಯಾ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ದೊಡ್ಡ ಕಾಲುವೆ. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಬಸ್ಸಿಲ್ಲ, ಆಟೋ ಇಲ್ಲ, ಹಾರ್ನಿಲ್ಲ. ಆ ಹತ್ತು ನಿಮಿಷಕ್ಕೆ ಅಷ್ಟು ದೂರ ಹೋದದ್ದು ಸಾರ್ಥಕ ಅನ್ನಿಸಿತು.

ತೊಂದರೆ ಶುರುವಾಗಿದ್ದು ಸೇತುವೆಗಳಿಂದ. ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುಪಾಲು ಎಲ್ಲಕ್ಕೂ ಮೆಟ್ಟಿಲು. ಹತ್ತಬೇಕು, ಇಳಿಯಬೇಕು, ನೂರು ಹೆಜ್ಜೆ ನಡೆಯುವಷ್ಟರಲ್ಲಿ ಇನ್ನೊಂದು. ನಮ್ಮ ಹೋಟೆಲಿನಿಂದ ಸಂತ ಮಾರ್ಕನ ಚೌಕಕ್ಕೆ ಹೋಗುವಾಗ ಹನ್ನೊಂದು ಸೇತುವೆ ಎಣಿಸಿದೆ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಅದೂ ಚಳಿಗಾಲದಲ್ಲಿ ಕಲ್ಲು ಒದ್ದೆಯಾಗಿರುತ್ತದೆ. ನೀರಿನ ಬಸ್ಸು ವಾಪೊರೆತ್ತೊ ಇದೆಯಲ್ಲ ಅನ್ನಬಹುದು. ಅದರ 75 ನಿಮಿಷದ ಒಂದು ಟಿಕೆಟ್ಟಿಗೆ ಆಗ 9.50 ಯೂರೋ. ಇಬ್ಬರಿಗೆ, ದಿನಕ್ಕೆ ಎರಡು ಸಲ ಅಂತ ಲೆಕ್ಕ ಹಾಕಿ ನೋಡಿ.

ಎರಡನೆಯ ದಿನ ಬೆಳಗ್ಗೆ ಅಕ್ವಾ ಆಲ್ತಾ, ಅಂದರೆ ಊರೊಳಗೆ ಏರುವ ಸಮುದ್ರದ ನೀರು. 2019ರ ನವೆಂಬರ್‌ನಲ್ಲಿ ಅದು 187 ಸೆಂ.ಮೀ.ವರೆಗೆ ಏರಿತ್ತು. 2020ರ ಅಕ್ಟೋಬರ್‌ನಿಂದ ಊರಿನ ಸುತ್ತಲಿನ ಖಾರಿಯ (ಸಮುದ್ರದ ಹಿನ್ನೀರಿನ) ಮೂರು ಬಾಯಿಗಳಲ್ಲೂ ಮೋಸೆ ಎಂಬ ತಡೆಗೇಟುಗಳು ಎದ್ದು ನಿಲ್ಲುತ್ತಿವೆ. ಅದನ್ನು ಓದಿಕೊಂಡು ನಾನು ಧೈರ್ಯವಾಗಿದ್ದೆ. ಆದರೆ ಗೇಟು ಎತ್ತುವುದು ನೀರು ಸುಮಾರು 110 ಸೆಂ.ಮೀ. ಮುಟ್ಟುತ್ತದೆ ಎಂಬ ಮುನ್ಸೂಚನೆ ಇದ್ದಾಗ. ಸಂತ ಮಾರ್ಕನ ಚೌಕ ಊರಿನಲ್ಲೇ ತಗ್ಗಿನ ಜಾಗ, ಅದಕ್ಕೂ ಎಷ್ಟೋ ಮೊದಲೇ ಅಲ್ಲಿ ನೀರು ನಿಲ್ಲುತ್ತದೆ. ನಮ್ಮ ದಿನ ಗೇಟು ಏಳಲಿಲ್ಲ, ಚೌಕದಲ್ಲಿ ಪಾದ ಮುಳುಗುವಷ್ಟು ನೀರು. ಹಲಗೆ ಹಾಸಿದ ಕಿರುದಾರಿಯ ಮೇಲೆ ಜನ ಸಾಲಾಗಿ ನಡೆಯುತ್ತಿದ್ದರು. ಅಮ್ಮ ಸೀರೆ ಎತ್ತಿಕಟ್ಟಿ, ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ತೊಟ್ಟು, ನನ್ನ ತೋಳು ಹಿಡಿದು ಚರ್ಚಿನವರೆಗೆ ಬಂದಳು. ಒಳಗೆ ಚಿನ್ನದ ಬಣ್ಣದ ಮೊಸಾಯಿಕ್ ನೋಡಿದಾಗ ಮುಖ ಅರಳಿತು, ಆದರೆ ವಾಪಸ್ ಹೋಗುವ ದಾರಿಯ ಚಿಂತೆ ಅವಳನ್ನು ಬಿಡಲಿಲ್ಲ.

ಇನ್ನು ಬೆಳಕು. ಡಿಸೆಂಬರ್ ಕೊನೆಗೆ ವೆನಿಸ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಬಾರ್ಸೆಲೋನಾದಲ್ಲಿ ಜನವರಿ ಮೊದಲ ವಾರ ಸಂಜೆ ಐದೂವರೆವರೆಗೆ ಬಿಸಿಲು. ಎರಡೂ ಊರಿನ ಗಡಿಯಾರ ಒಂದೇ, ಬಾರ್ಸೆಲೋನಾ ಬಹಳ ಪಶ್ಚಿಮಕ್ಕಿರುವುದರಿಂದ ಈ ಲಾಭ. ಅದರ ಬದಲಿಗೆ ಬೆಳಗಾಗುವುದು ಎಂಟೂಕಾಲಿಗೆ. ರಜೆಯಲ್ಲಿ ನಾವು ಒಂಬತ್ತರ ಮೊದಲು ಮನೆ ಬಿಡುವವರಲ್ಲ, ನಮಗೆ ಬೇಕಾದದ್ದು ಸಂಜೆಯ ಆ ಒಂದು ಗಂಟೆ.

ಈಗ ಬಾರ್ಸೆಲೋನಾದ ಒಂದೇ ಒಂದು ಕಿರಿಕಿರಿ. ಇದನ್ನು ಯಾರೂ ನಮಗೆ ಮೊದಲೇ ಹೇಳಲಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತೇನೆ. ಅಲ್ಲಿ ಚಳಿ ಇರುವುದು ಬೀದಿಯಲ್ಲಲ್ಲ, ಮನೆಯೊಳಗೆ.

ಜನವರಿಯ ಹಗಲಿನಲ್ಲಿ ಅಲ್ಲಿ ಸಾಮಾನ್ಯವಾಗಿ 14–15 ಡಿಗ್ರಿ. ಬಿಸಿಲಲ್ಲಿ ನಡೆದರೆ ಸ್ವೆಟರ್ ಸಾಕು, ಧನುರ್ಮಾಸದ ಬೆಳಗಿನ ಮೈಸೂರಿನಂತೆ. ನಾವು ಹಿಡಿದದ್ದು ಎಶಾಂಪ್ಲ ಬಡಾವಣೆಯ ಹಳೇ ಕಟ್ಟಡದ ಒಂದು ಫ್ಲ್ಯಾಟು. ಎತ್ತರದ ಚಾವಣಿ, ಹೂಬಳ್ಳಿಯ ಚಿತ್ತಾರದ ಸಿಮೆಂಟ್ ಟೈಲ್ಸ್ ನೆಲ, ಚಿತ್ರದಲ್ಲಿ ನೋಡಿಯೇ ಮನಸೋತಿದ್ದೆ. ಆದರೆ ಅಂಥ ಮನೆಗಳನ್ನು ಕಟ್ಟಿರುವುದು ಬೇಸಿಗೆಯ ಸೆಕೆ ತಡೆಯಲು. ನಮ್ಮ ಜರ್ಮನಿಯ ಮನೆಗಳಲ್ಲಿರುವಂತೆ ಗೋಡೆಗೋಡೆಗೂ ಬಿಸಿನೀರಿನ ರೇಡಿಯೇಟರ್ ಅಲ್ಲಿ ಇರಲಿಲ್ಲ. ಆ ಬಡಾವಣೆಯ ರಸ್ತೆಗಳನ್ನು 1859ರಲ್ಲಿ ಓರೆಯಾಗಿ ಯೋಜಿಸಿದ್ದೇ ಎಲ್ಲ ಮುಖಗಳಿಗೂ ಯಾವುದಾದರೂ ಹೊತ್ತಿನಲ್ಲಿ ಬಿಸಿಲು ಬೀಳಲಿ ಅಂತ, ಅದು ನಿಜ. ನಮ್ಮ ಮಲಗುವ ಕೋಣೆಯ ಕಿಟಕಿ ಮಾತ್ರ ಕಟ್ಟಡದ ನಡುವಿನ ಗಾಳಿಗಂಡಿಗೆ ತೆರೆಯುತ್ತಿತ್ತು. ಅಲ್ಲಿಗೆ ಬಿಸಿಲು ಬರುವ ದಾರಿಯೇ ಇಲ್ಲ.

"ಇದೇನೇ, ಹೊರಗೆ ಹೋದ್ರೆ ಬೆಚ್ಚಗಿದೆ, ಮನೆಗೆ ಬಂದ್ರೆ ಶಾಲು ಹೊದೀಬೇಕು!" ಅಂದಳು ಅಮ್ಮ. ಎರಡು ಜೊತೆ ಕಾಲುಚೀಲ ಹಾಕಿದರೂ ಆ ನೆಲದ ಥಂಡಿ ಪಾದಕ್ಕೆ ಏರುತ್ತಿತ್ತು.

ಮನೆಯಲ್ಲಿ ಚಕ್ರವಿರುವ ಒಂದು ಕರೆಂಟ್ ಹೀಟರ್ ಇತ್ತು, 2,000 ವ್ಯಾಟಿನದು. ಮೊದಲ ರಾತ್ರಿ ಅದನ್ನು ಹಾಕಿ, ಅನ್ನಕ್ಕಿಡೋಣವೆಂದು ಇಂಡಕ್ಷನ್ ಒಲೆ ಹೊತ್ತಿಸಿದೆ. ಇಡೀ ಮನೆ ಕತ್ತಲಾಯಿತು. ಫ್ಯೂಸು ಹೋಯಿತು ಅಂದುಕೊಂಡೆ. ಫ್ಲ್ಯಾಟಿನ ಮಾಲೀಕರಿಗೆ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ಸ್ಪೇನಿನಲ್ಲಿ ಪ್ರತಿ ಮನೆಗೂ ಇಷ್ಟು ಕಿಲೋವ್ಯಾಟ್ ಅಂತ ಒಪ್ಪಂದವಿರುತ್ತದೆ, ನಮ್ಮ ಕರೆಂಟ್ ಬಿಲ್ಲಿನ ಮೇಲೆ ಸ್ಯಾಂಕ್ಷನ್ಡ್ ಲೋಡ್ ಅಂತ ಇರುತ್ತದಲ್ಲ, ಆ ಥರ. ಹೆಚ್ಚು ಬೇಕೆಂದರೆ ತಿಂಗಳ ಬಿಲ್ಲೂ ಹೆಚ್ಚು. ಹಾಗಾಗಿ ಎಷ್ಟೋ ಜನ ಕಡಿಮೆಯದನ್ನೇ ಇಟ್ಟುಕೊಳ್ಳುತ್ತಾರೆ. ನಮ್ಮ ಫ್ಲ್ಯಾಟಿನದು 3.45 ಕಿಲೋವ್ಯಾಟ್. ಹೀಟರಿಗೆ ಎರಡು ಕಿಲೋವ್ಯಾಟ್, ಒಲೆಗೆ ಒಂದೂಮುಕ್ಕಾಲು, ಅಲ್ಲಿಗೇ ಮಿತಿ ದಾಟಿತು. ಮಿತಿ ದಾಟಿ ಸ್ವಲ್ಪ ಹೊತ್ತಾದರೆ ಡಿಜಿಟಲ್ ಮೀಟರೇ ಕರೆಂಟ್ ಕಡಿಯುತ್ತದೆ. ಒಂದೆರಡು ಉಪಕರಣ ಆರಿಸಿ, ಬಾಗಿಲ ಪಕ್ಕದ ಮೇನ್ ಸ್ವಿಚ್ ಕೆಳಗೆ ಮಾಡಿ, ಕೆಲವು ಸೆಕೆಂಡು ಬಿಟ್ಟು ಮೇಲೆ ಮಾಡಿದರೆ ಮತ್ತೆ ಬರುತ್ತದೆ. ಇಷ್ಟೇ ವಿದ್ಯೆ. ಅದು ಗೊತ್ತಾಗುವವರೆಗೆ ಮೊಬೈಲ್ ಟಾರ್ಚ್ ಹಿಡಿದು ನಾನು ಪಟ್ಟ ಪಾಡು ಬೇರೆ ಯಾರಿಗೂ ಬೇಡ.

ಅದಕ್ಕೆ ಜೊತೆಯಾಗಿ ಬಚ್ಚಲಮನೆಯ ಗೀಸರ್. 50 ಲೀಟರಿನದು, 1,500 ವ್ಯಾಟು. ಅಮ್ಮ ತಲೆಗೆ ನೀರು ಹಾಕಿಕೊಂಡು ಬಂದರೆ ನನಗೆ ಉಳಿಯುತ್ತಿದ್ದದ್ದು ಉಗುರುಬೆಚ್ಚನೆಯ ನಾಲ್ಕು ಚೊಂಬು. ಮತ್ತೆ ಕಾಯಲು ಒಂದೂವರೆ ಗಂಟೆ ಬೇಕು, ಅಷ್ಟು ಹೊತ್ತು ಹೀಟರ್ ಹಾಕುವಂತಿಲ್ಲ. ಮೂರನೆಯ ದಿನದ ಹೊತ್ತಿಗೆ ನಾವೊಂದು ವೇಳಾಪಟ್ಟಿ ಮಾಡಿಕೊಂಡೆವು: ಬೆಳಗ್ಗೆ ಏಳಕ್ಕೆ ಗೀಸರ್, ಎಂಟೂವರೆಗೆ ಒಲೆ, ಸಂಜೆ ಬಂದ ತಕ್ಷಣ ಅಡುಗೆ, ಅದು ಮುಗಿದ ಮೇಲೆ ಮಲಗುವವರೆಗೆ ಹೀಟರ್. ಹಾಗೆ ನಡೆದರೆ ಸಮಸ್ಯೆಯಿಲ್ಲ.

ಮನೆ ಹಿಡಿಯುವ ಮೊದಲು ಎರಡು ಪ್ರಶ್ನೆ ಬರೆದು ಕೇಳಿ. ಬಿಸಿ ಮಾಡುವ ವ್ಯವಸ್ಥೆ ಯಾವುದು, ಕರೆಂಟಿನ ಮಿತಿ ಎಷ್ಟು. ಗೋಡೆಯ ಏಸಿಯಲ್ಲೇ ಬಿಸಿಗಾಳಿ ಬರುವಂಥದ್ದಾದರೆ ಒಳ್ಳೆಯದು, ಅದೇ ಬಿಸಿಗೆ ಅದು ಹೀಟರಿಗಿಂತ ಬಹಳ ಕಡಿಮೆ ಕರೆಂಟ್ ಎಳೆಯುತ್ತದೆ. ಮಲಗುವ ಕೋಣೆಯ ಕಿಟಕಿ ಯಾವ ಕಡೆಗಿದೆ ಅಂತಲೂ ಕೇಳಿ. ಈ ಒಂದು ವಿಷಯದಲ್ಲಿ ವೆನಿಸ್ ಗೆದ್ದಿತು. ಅಲ್ಲಿನ ಹೋಟೆಲು ಚಿಕ್ಕದು, ಹಳೆಯದು, ಆದರೆ ಕೋಣೆ ಬೆಚ್ಚಗಿತ್ತು.

ಇಷ್ಟಾದರೂ ಬಾರ್ಸೆಲೋನಾ ಯಾಕೆ? ಮೊದಲ ಕಾರಣ ಊಟ. ವೆನಿಸ್‌ನಲ್ಲಿ ನಾವು ಪಿಜ್ಜಾ ತಿಂದೇ ಕಾಲ ಹಾಕಿದೆವು. ಒಂದು ಕಡೆ ಬಿಗೊಲಿ ಇನ್ ಸಾಲ್ಸಾ ಎಂಬ ಶ್ಯಾವಿಗೆಯಂಥ ಪಾಸ್ತಾ ನೋಡಿ, ಬರೀ ಬಾಡಿಸಿದ ಈರುಳ್ಳಿ ಇದೆ ಅಂದುಕೊಂಡು ಹೇಳಲಿದ್ದೆ. ಪುಣ್ಯಕ್ಕೆ ಕೇಳಿದೆ, ಆ ಈರುಳ್ಳಿಯಲ್ಲಿ ಉಪ್ಪುಮೀನನ್ನು ಕರಗಿಸಿರುತ್ತಾರಂತೆ. ಸಸ್ಯಾಹಾರಿಗಳು ಇದನ್ನು ನೆನಪಿಡಿ.

ಬಾರ್ಸೆಲೋನಾದಲ್ಲಿ ಜನವರಿ ಅಂದರೆ ಕಲ್ಸೋಟ್ ಕಾಲ. ಇದು ಈರುಳ್ಳಿಯ ಜಾತಿ, ನಮ್ಮ ಈರುಳ್ಳಿ ಹೂವಿಗಿಂತ ದಪ್ಪ, ಉದ್ದ. ಬೆಳೆಯುವಾಗ ಬುಡಕ್ಕೆ ಮಣ್ಣು ಏರಿಸುತ್ತಾ ಹೋಗುವುದರಿಂದ ಬಿಳಿಭಾಗ ಉದ್ದವಾಗುತ್ತದೆ. ಉರಿಯಲ್ಲಿ ಹೊರಗೆಲ್ಲ ಕರ್ರಗಾಗುವಂತೆ ಸುಟ್ಟು, ಕಾಗದದಲ್ಲಿ ಸುತ್ತಿಟ್ಟು, ಚಾವಣಿಗೆ ಹೊದಿಸುವಂಥ ಹೆಂಚಿನ ಮೇಲೆ ತಂದಿಡುತ್ತಾರೆ. ಸುಟ್ಟ ಸಿಪ್ಪೆ ಎಳೆದರೆ ಒಳಗೆ ಬೆಣ್ಣೆಯಂಥ ಸಿಹಿ ತಿರುಳು. ಬಾದಾಮಿ, ಸುಟ್ಟ ಟೊಮೇಟೊ, ಬೆಳ್ಳುಳ್ಳಿ, ಒಣಮೆಣಸು ರುಬ್ಬಿದ ಸಾಸಿಗೆ ಅದ್ದಿ ತಲೆ ಎತ್ತಿ ಬಾಯಿಗೆ ಇಳಿಬಿಡಬೇಕು. ಅಮ್ಮನಿಗೆ ಆ ಸಾಸು ಎಷ್ಟು ಹಿಡಿಸಿತೆಂದರೆ ಮಿಕ್ಕಿದ್ದನ್ನು ಬ್ರೆಡ್ಡಿಗೆ ಸವರಿ ಮುಗಿಸಿದಳು. ಎಸ್ಕಲಿವಾದಾ ಅಂತ ಇನ್ನೊಂದು, ಸುಟ್ಟ ಬದನೆಕಾಯಿ ಮತ್ತು ಕೆಂಪು ದೊಣ್ಣೆಮೆಣಸಿನಕಾಯಿಗೆ ಎಣ್ಣೆ ಹಾಕಿದ್ದು. "ಒಗ್ಗರಣೆ ಒಂದಿದ್ದಿದ್ರೆ ನಮ್ಮ ಗೊಜ್ಜೇ" ಅಂದಳು. ರಾವಾಲ್ ಓಣಿಗಳಲ್ಲಿ ಪಾಕಿಸ್ತಾನಿ, ಭಾರತೀಯ ಅಂಗಡಿಗಳು ಬೇಕಾದಷ್ಟಿವೆ. ತೊಗರಿಬೇಳೆ, ಕೊತ್ತಂಬರಿಸೊಪ್ಪು, ಹಸಿಮೆಣಸಿನಕಾಯಿ ತಂದು ರಾತ್ರಿ ಸಾರು ಅನ್ನ ಮಾಡಿಕೊಂಡೆವು. ಸ್ವಂತ ಅಡುಗೆಮನೆ ಇದ್ದರೆ ಅಮ್ಮ ಯಾವ ಊರಲ್ಲೂ ನೆಮ್ಮದಿಯಾಗಿರುತ್ತಾಳೆ.

ಎರಡನೆಯದು ಸಗ್ರಾದಾ ಫಮಿಲಿಯಾ. 1882ರಲ್ಲಿ ಶುರುವಾಗಿ ಇನ್ನೂ ಮುಗಿಯದ ಚರ್ಚು. ಸ್ಟುಟ್‌ಗಾರ್ಟ್‌ಗೆ ಹತ್ತಿರದ ಉಲ್ಮ್ ಊರಿನ 161.53 ಮೀಟರ್ ಎತ್ತರದ ಚರ್ಚೇ ಇಷ್ಟು ಕಾಲ ಜಗತ್ತಿಗೆಲ್ಲ ಎತ್ತರದ್ದಾಗಿತ್ತು, 2025ರ ಅಕ್ಟೋಬರ್‌ನಲ್ಲಿ ಇದು ಅದನ್ನು ದಾಟಿತು. ಆದರೆ ನಾನು ಹೇಳಹೊರಟಿದ್ದು ಒಳಗಿನ ಬೆಳಕಿನ ಬಗ್ಗೆ. ಪೂರ್ವದ ಕಿಟಕಿಗಳಿಗೆ ನೀಲಿ, ಹಸಿರು ಗಾಜು. ಪಶ್ಚಿಮಕ್ಕೆ ಕೆಂಪು, ಕಿತ್ತಳೆ. ಹಿಂದೊಮ್ಮೆ ಆಗಸ್ಟ್‌ನಲ್ಲಿ ಗೆಳತಿಯರ ಜೊತೆ ಹೋಗಿದ್ದಾಗ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿದ್ದ, ಒಳಗೆ ಜನರ ತಲೆಗಳು ಬಿಟ್ಟರೆ ಏನೂ ಕಾಣಲಿಲ್ಲ. ಜನವರಿಯ ಸೂರ್ಯ ತಗ್ಗಿನಲ್ಲೇ ಸಾಗುತ್ತಾನೆ. ಮೂರೂವರೆಗೆ ಟಿಕೆಟ್ ತೆಗೆದುಕೊಂಡಿದ್ದೆವು. ಕೆಂಪು ಬೆಳಕು ಅಡ್ಡಡ್ಡ ಬಂದು ಕಂಬಗಳನ್ನು ದಾಟಿ ಎದುರು ಗೋಡೆಯವರೆಗೆ ಹರಡಿತ್ತು. ಅಮ್ಮನ ಬಿಳೀ ಶಾಲು ಕೇಸರಿಯಾಯಿತು. ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆವು, ಯಾರೂ ಏಳಿಸಲಿಲ್ಲ.

ಜನವರಿ 5ರ ಸಂಜೆ ಮೂವರು ರಾಜರ ಮೆರವಣಿಗೆ, ಶಿಶು ಯೇಸುವನ್ನು ನೋಡಲು ಬಂದರೆಂಬ ಕಥೆಯ ರಾಜರು. ರಾಜರು ಸಮುದ್ರದ ಮೇಲೆ ಬಂದು ಇಳಿಯುತ್ತಾರೆ, ಮಕ್ಕಳ ಮೇಲೆ ಮಿಠಾಯಿ ಎರಚುತ್ತಾರೆ. ಬೇಗ ಹೋಗಿ ಜಾಗ ಹಿಡಿಯಿರಿ. 6ಕ್ಕೆ ಅಂಗಡಿಗಳು ಮುಚ್ಚಿರುತ್ತವೆ, ಹಾಲು ತರಕಾರಿ ಹಿಂದಿನ ದಿನವೇ ತಂದಿಡಿ.

ಓಡಾಟ ಸುಲಭ. ಹತ್ತು ಪ್ರಯಾಣದ ಟಿ-ಕಸುವಾಲ್ ಕಾರ್ಡು ಒಬ್ಬರಿಗೆ ಒಂದು, ಇಬ್ಬರು ಹಂಚಿಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದ ಮೆಟ್ರೊದಲ್ಲಿ ಅದು ನಡೆಯುವುದಿಲ್ಲ, ಅಲ್ಲಿಂದ ಬರುವ ಲೋಕಲ್ ರೈಲಿನಲ್ಲಿ ನಡೆಯುತ್ತದೆ. ಊರಿನ ಕೆಳಭಾಗವೆಲ್ಲ ಸಪಾಟು, ಪಾರ್ಕ್ ಗ್ವೆಲ್ ಮಾತ್ರ ಏರು. ಅಲ್ಲಿಗೆ ಬಸ್ಸಿನಲ್ಲಿ ಹೋಗಿ. ಜೇಬುಗಳ್ಳರಿದ್ದಾರೆ, ಚೀಲ ಮುಂದಕ್ಕೆ ಹಾಕಿಕೊಳ್ಳಿ.

ಖರ್ಚು: ವೆನಿಸ್‌ನ ಹೋಟೆಲಿಗೆ ರಾತ್ರಿಗೆ 118 ಯೂರೋ ಕೊಟ್ಟೆ, ಬಾರ್ಸೆಲೋನಾದ ಫ್ಲ್ಯಾಟಿಗೆ 84. ಪ್ರವಾಸಿ ತೆರಿಗೆ ಎರಡೂ ಕಡೆ ಬೇರೆ. ವೆನಿಸ್‌ಗೆ ಹಗಲು ಬಂದುಹೋಗುವವರಿಗೆ 2024ರಲ್ಲಿ ಶುರುವಾದ ಪ್ರವೇಶ ಶುಲ್ಕ ಏಪ್ರಿಲ್–ಜುಲೈನ ಆಯ್ದ ದಿನಗಳಿಗೆ ಮಾತ್ರ, ಚಳಿಗಾಲದಲ್ಲಿ ಅದಿಲ್ಲ. ಊಟ, ಓಡಾಟ ಎಲ್ಲ ಸೇರಿಸಿದರೆ ವೆನಿಸ್‌ನ ಮೂರು ರಾತ್ರಿಗೆ ಆದದ್ದು ಬಾರ್ಸೆಲೋನಾದ ಐದು ರಾತ್ರಿಗಿಂತ ಹೆಚ್ಚು.

ಮಂಡಿ ಗಟ್ಟಿಯಿರುವ ಇಬ್ಬರೇ ಹೋಗುವುದಾದರೆ, ಮೀನು ತಿನ್ನುವವರಾದರೆ, ಎರಡೇ ದಿನ ಇರುವುದಾದರೆ ವೆನಿಸ್‌ಗೇ ಹೋಗಿ. ಮಂಜು ಮುಸುಕಿದ ಬೆಳಗಿನಲ್ಲಿ ಕಾಲುವೆಯ ಆಚೆ ದಡ ಕಾಣದೆ ದೋಣಿಯ ಸದ್ದಷ್ಟೇ ಕೇಳುವುದಿದೆಯಲ್ಲ, ಅದು ಬಾರ್ಸೆಲೋನಾದಲ್ಲಿ ಸಿಗುವುದಿಲ್ಲ.

ಅಮ್ಮನ ಮುಂದಿನ ಸಲಕ್ಕೆ ಅದೇ ಎಶಾಂಪ್ಲದಲ್ಲಿ ಇನ್ನೊಂದು ಫ್ಲ್ಯಾಟ್ ನೋಡಿಟ್ಟಿದ್ದೇನೆ. ಎರಡು ಕೋಣೆಗೂ ಬೀದಿಯ ಕಡೆ ಕಿಟಕಿ. ಏಸಿಯಲ್ಲಿ ಬಿಸಿಗಾಳಿ ಬರುತ್ತದಂತೆ. ಕರೆಂಟಿನ ಮಿತಿ ಎಷ್ಟು ಅಂತ ಕೇಳಿ ಬರೆದಿದ್ದೇನೆ, ಉತ್ತರ ಬಂದ ದಿನ ಮುಂಗಡ ಕೊಡುತ್ತೇನೆ.