ಪಾಠ ಪೂರ್ತಿ ಇಂಗ್ಲಿಷ್‌ನಲ್ಲೋ, ಎರಡು ಭಾಷೆ ಬೆರೆಸಿಯೋ?

ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳಿಗೆ ಡಿಗ್ರಿ ಪಾಠ ಮಾಡಬೇಕಾದಾಗ ನಿಮ್ಮ ಮುಂದೆ ಎರಡು ದಾರಿಗಳಿವೆ.

ಪೂರ್ತಿ ಇಂಗ್ಲಿಷ್‌ನಲ್ಲೇ ಪಾಠ ಮಾಡಿದರೆ ಕಿವಿ ಪಳಗುತ್ತದೆ. ಪಠ್ಯಪುಸ್ತಕ, ಪರೀಕ್ಷೆ, ಪಾಠ ಎಲ್ಲವೂ ಒಂದೇ ಭಾಷೆಯಲ್ಲಿರುತ್ತವೆ. ಬೇರೆ ಬೇರೆ ಭಾಷೆಯವರು ಒಂದೇ ತರಗತಿಯಲ್ಲಿದ್ದರೆ ಇದೇ ನ್ಯಾಯ. ಆದರೆ ಅರ್ಥವಾಗದವರು ಸುಮ್ನೆ ತಲೆ ಆಡಿಸುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ನನಗೆ ಇದೇ ಜಾಸ್ತಿ ನೋವು ಕೊಡುವ ವಿಷಯ. ವಿಷಯ ತಿಳಿಯಲಿಲ್ಲವೋ, ಭಾಷೆ ತಿಳಿಯಲಿಲ್ಲವೋ ಎಂದು ಮೇಷ್ಟ್ರಿಗೂ ಗೊತ್ತಾಗುವುದಿಲ್ಲ ಅಲ್ವಾ?

ಎರಡು ಭಾಷೆ ಬೆರೆಸುವುದಕ್ಕೆ 'ಟ್ರಾನ್ಸ್‌ಲ್ಯಾಂಗ್ವೇಜಿಂಗ್' ಎನ್ನುತ್ತಾರೆ. ವೇಲ್ಸ್‌ನ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ 1994ರಲ್ಲಿ ವೆಲ್ಷ್ ಭಾಷೆಯಲ್ಲಿ ಕೊಟ್ಟ ಹೆಸರಿನ ಇಂಗ್ಲಿಷ್ ರೂಪವಿದು. ಒಂದು ಭಾಷೆಯಲ್ಲಿ ಓದಿ, ಇನ್ನೊಂದರಲ್ಲಿ ಚರ್ಚಿಸಿ, ಬರೆಯುವುದು ಇದರ ರೀತಿ. ಗುಂಪಿನಲ್ಲಿ ತಮ್ಮ ಮಾತಿನಲ್ಲೇ ಚರ್ಚಿಸಲು 5 ನಿಮಿಷ ಬಿಡಿ, ಬಾಯಿ ಮುಚ್ಚಿ ಕೂತವರೂ ಮಾತಾಡುತ್ತಾರೆ. ಆದರೆ ಸಾಲುಸಾಲಾಗಿ ಅನುವಾದ ಮಾಡಲು ಹೊರಟರೆ ಮಕ್ಕಳು ಇಂಗ್ಲಿಷ್ ಭಾಗವನ್ನು ಕೇಳುವುದನ್ನೇ ಬಿಡುತ್ತಾರೆ.

ತರಗತಿಯ ಬಹುಪಾಲು ಜನ ಯುರೋಪಿನ ಭಾಷಾ ಮಾಪನದ 6 ಹಂತಗಳಲ್ಲಿ ನಾಲ್ಕನೆಯದಾದ ಬಿ2 ದಾಟಿದ್ದರೆ ಮೊದಲನೆಯದನ್ನು ಆರಿಸಿ. ಕೆಳಗಿದ್ದು, ಎಲ್ಲರಿಗೂ ಒಂದು ಸಾಮಾನ್ಯ ಭಾಷೆ ಇದ್ದರೆ ಎರಡನೆಯದೇ ಸರಿ.

ಯಾವುದನ್ನೇ ಆರಿಸಿದರೂ ಪದಗಳ ಕೆಲಸ ತಪ್ಪದು. ಪಾರಿಭಾಷಿಕ ಪದಗಳನ್ನು ಹೇಗೂ ವಿವರಿಸುತ್ತೀರಿ. ಎಡವಿಸುವುದು ಎಲ್ಲ ವಿಷಯಗಳಲ್ಲೂ ಬರುವ 'ಅಸ್ಯೂಮ್', 'ಡಿರೈವ್' ತರಹದವು. ಭಾಷಾತಜ್ಞೆ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇಂಥ 570 ಪದಕುಟುಂಬಗಳಿವೆ (ಒಂದು ಪದ ಮತ್ತು ಅದರ ಬೇರೆ ಬೇರೆ ರೂಪಗಳು ಸೇರಿ ಒಂದು ಕುಟುಂಬ). ವಾರಕ್ಕೆ ಹತ್ತನ್ನು ಬೋರ್ಡಿನ ಮೇಲೆ ಬರೆದು ಶುರು ಮಾಡಿ.