ನಿಲ್ಲದ ಬಟನ್‌ಗಿಂತ ನಿಲ್ಲುವ ಸ್ಕ್ರಿಪ್ಟೇ ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅರೆಲ್ (Arelle) ಅನ್ನುವ, ಹಣಕಾಸು ವರದಿಗಳ ಟ್ಯಾಗ್ ಪರೀಕ್ಷಿಸುವ ಉಚಿತ ಸಾಫ್ಟ್‌ವೇರ್‌ಗೆ. ದುಡ್ಡು ಕೊಟ್ಟು ತಗೊಂಡ ಕ್ಲೌಡ್ ಟೂಲ್ ಕೈಕೊಟ್ಟ ಮೇಲೆ ಈ ಕಡೆ ಬಂದವಳು ನಾನು. ತಕ್ಕಡಿ ಸ್ವಲ್ಪ ವಾಲಿದ್ದರೆ ಆಶ್ಚರ್ಯಪಡಬೇಡಿ.

ನನ್ನ ಕೆಲಸ ಮೂರು ಕಂಪನಿಗಳ ವಾರ್ಷಿಕ ವರದಿಗೆ ಇನ್‌ಲೈನ್ ಎಕ್ಸ್‌ಬಿಆರ್‌ಎಲ್ ಟ್ಯಾಗ್ ಹಾಕುವುದು, ಅಂದರೆ ಯಾವ ಅಂಕಿ, ಯಾವ ನೋಟ್ ಏನು ಅಂತ ಕಂಪ್ಯೂಟರ್‌ಗೆ ತಿಳಿಯುವ ಗುರುತು ಅಂಟಿಸುವುದು. ಸ್ಟ್ಯಾಂಡರ್ಡ್ ಟ್ಯಾಗ್‌ಗಳೆಲ್ಲ ಐಎಫ್‌ಆರ್‌ಎಸ್ ಅನ್ನುವ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮಗಳ ಟ್ಯಾಗ್ ಪಟ್ಟಿಯಿಂದ, ಅಂದರೆ ಟ್ಯಾಕ್ಸಾನಮಿಯಿಂದ ಬರುತ್ತವೆ. ಆ ಟ್ಯಾಕ್ಸಾನಮಿ ಸಾಮಾನ್ಯವಾಗಿ ಪ್ರತಿ ಮಾರ್ಚ್‌ನಲ್ಲಿ ಹೊಸದಾಗುತ್ತದೆ. ಅದನ್ನು ಕಂಪ್ಯೂಟರ್ ಗುರುತಿಸುವ ನೇಮ್‌ಸ್ಪೇಸ್ ವಿಳಾಸದಲ್ಲೇ ದಿನಾಂಕ ಇರುತ್ತದೆ: 2023ರದ್ದಕ್ಕೆ 2023-03-23, 2024ರದ್ದಕ್ಕೆ 2024-03-27. ಟ್ಯಾಗಿನ ಮುಂದಿನ ಪ್ರಿಫಿಕ್ಸ್ ಮಾತ್ರ ಎರಡರಲ್ಲೂ ಒಂದೇ. ಕಣ್ಣಿಗೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ, ಕಂಪ್ಯೂಟರ್‌ಗೆ ಪ್ರತಿಯೊಂದು ಟ್ಯಾಗೂ ಬೇರೆ. ಹಳೇ ವರದಿಯ ಟ್ಯಾಗ್‌ಗಳನ್ನು ಹೊಸದಕ್ಕೆ ದಾಟಿಸುವ ಈ ಕೆಲಸಕ್ಕೆ ನಾನು ಮೂರು ದಾರಿ ನೋಡಿದ್ದೇನೆ.

ಎಕ್ಸೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೇ ಹೆಸರು ಒಂದು ಕಾಲಮ್, ಹೊಸ ಹೆಸರು ಇನ್ನೊಂದು, ನಡುವೆ ಹುಡುಕಿ ಜೋಡಿಸುವ ವಿಲುಕಪ್ (VLOOKUP) ಫಾರ್ಮುಲಾ. ಕೊನೆಯಲ್ಲಿ ಫಾಲ್ಸ್ ಹಾಕಲು ಮರೆತರೆ ಅದು ಹತ್ತಿರದ ಯಾವುದನ್ನೋ ತಂದು ಕೂರಿಸುತ್ತದೆ. ಸಾಲದ್ದಕ್ಕೆ ವಿಲುಕಪ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲ ಒಂದೇ, ಎಕ್ಸ್‌ಬಿಆರ್‌ಎಲ್‌ಗೆ ಒಂದಲ್ಲ. ವರ್ಷಕ್ಕೆ ಒಂದೇ ವರದಿ ಇದ್ದರೆ ಸಾಕು.

ಕ್ಲೌಡ್ ಟೂಲ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ವರದಿಯ ಪುಟ ಒಂದು ಕಡೆ, ಟ್ಯಾಗ್ ಇನ್ನೊಂದು ಕಡೆ, ಅಂಕಿಯ ಮೇಲೆ ಕ್ಲಿಕ್ ಮಾಡಿದರೆ ಕಳೆದ ವರ್ಷದ್ದೂ ಕಾಣುತ್ತದೆ. ಮೂಲೆಯಲ್ಲಿ ಒಂದು ರೋಲ್ ಫಾರ್ವರ್ಡ್ ಬಟನ್. ಅದನ್ನು ಒತ್ತಿದರೆ ಇಡೀ ವರದಿ ಹೊಸ ಟ್ಯಾಕ್ಸಾನಮಿಗೆ ದಾಟುತ್ತದೆ. ನಾಲ್ಕು ನಿಮಿಷ, ಹಸಿರು ಟಿಕ್, ಸೊನ್ನೆ ಎರರ್. ಅವತ್ತು ನಾನು ಕಾಫಿ ಕುಡಿದು ಬೇಗ ಮನೆಗೆ ಹೋದೆ.

ಹತ್ತು ದಿನ ಬಿಟ್ಟು ಆಡಿಟರ್ ಕಡೆಯ ಹುಡುಗ ಫೋನ್ ಮಾಡಿದ. "ಮೇಡಂ, ಅಕೌಂಟಿಂಗ್ ಪಾಲಿಸಿ ನೋಟ್‌ಗೆ ನಿಮ್ಮ ಸ್ವಂತ ಟ್ಯಾಗ್ ಹಾಕಿದ್ದೀರಲ್ಲ, ಯಾಕೆ?"

ನಾನು ಹಾಕಿರಲಿಲ್ಲ. ನಡೆದದ್ದು ಇಷ್ಟು. ಹಣಕಾಸು ವರದಿ ಹೇಗಿರಬೇಕು ಅಂತ ಹೇಳುವ ಐಎಎಸ್ 1 ಅನ್ನುವ ನಿಯಮಕ್ಕೆ 2021ರ ಫೆಬ್ರವರಿಯಲ್ಲಿ ತಿದ್ದುಪಡಿ ಬಂತು. 2023ರ ಜನವರಿ 1ರಿಂದ ಶುರುವಾಗುವ ವರ್ಷಗಳಿಗೆ 'ಸಿಗ್ನಿಫಿಕೆಂಟ್' ಪಾಲಿಸಿಗಳ ಬದಲು 'ಮೆಟೀರಿಯಲ್' ಪಾಲಿಸಿ ಮಾಹಿತಿ ಕೊಡಬೇಕು ಅಂತಾಯಿತು. ಅದರ ಜೊತೆಗೇ ಟ್ಯಾಗಿನ ಹೆಸರೂ ಬದಲಾಯಿತು. ಟೂಲ್ ಹಳೇ ಹೆಸರನ್ನು ಹೊಸ ಟ್ಯಾಕ್ಸಾನಮಿಯಲ್ಲಿ ಹುಡುಕಿದೆ, ಸಿಕ್ಕಿಲ್ಲ. ಆಗ ನನ್ನನ್ನು ಕೇಳಬೇಕಿತ್ತು, ಅಲ್ವಾ? ಕೇಳಲಿಲ್ಲ. ಅದೇ ಹಳೇ ಹೆಸರಿನಲ್ಲಿ ಕಂಪನಿಯ ಸ್ವಂತ ಟ್ಯಾಗ್‌ಗಳಿರುವ ಎಕ್ಸ್‌ಟೆನ್ಷನ್ ಒಳಗೆ ಹೊಸ ಟ್ಯಾಗ್ ಒಂದನ್ನು ಸೃಷ್ಟಿಸಿ ಅಂಟಿಸಿಬಿಟ್ಟಿದೆ. ಲಾಗ್‌ನಲ್ಲಿ ಅದಕ್ಕೂ ಬೇರೆಲ್ಲದಕ್ಕೂ ಒಂದೇ ಮಾತು: ಮೈಗ್ರೇಟೆಡ್.

ವ್ಯಾಲಿಡೇಶನ್ ಯಾಕೆ ಹಿಡಿಯಲಿಲ್ಲ ಅಂತ ಕೇಳಬಹುದು. ಕಂಪನಿಯ ಸ್ವಂತ ಟ್ಯಾಗ್ ತಪ್ಪಲ್ಲ, ಅದಕ್ಕೇ. ಬರೆದ ರೀತಿ ಸರಿ ಇದೆಯಾ ಅಂತ ವ್ಯಾಲಿಡೇಟರ್ ನೋಡುತ್ತದೆ. ಇದಕ್ಕೆ ಅಂತಲೇ ಒಂದು ಸ್ಟ್ಯಾಂಡರ್ಡ್ ಟ್ಯಾಗ್ ಇರುವಾಗ ಸ್ವಂತದ್ದು ಯಾಕೆ ಅಂತ ಅದು ಕೇಳುವುದಿಲ್ಲ. ಇತ್ತ ವರದಿಗಳನ್ನು ಹೋಲಿಸುವವರು ಸ್ಟ್ಯಾಂಡರ್ಡ್ ಟ್ಯಾಗ್ ಹಿಡಿದು ಹುಡುಕಿದರೆ ನಮ್ಮ ಪಾಲಿಸಿ ನೋಟ್ ಸಿಗುವುದೇ ಇಲ್ಲ.

ಆ ರಾತ್ರಿ ಮೂರೂ ವರದಿಗಳ ಒಂದೊಂದು ಟ್ಯಾಗನ್ನೂ ಕೂತು ನೋಡಿದೆ. ಇನ್ನೂ ಎರಡು ಸಿಕ್ಕವು. ಸಪೋರ್ಟ್‌ಗೆ ಬರೆದರೆ, ಟೂಲ್ ಇರುವುದೇ ಹಾಗೆ ಅಂತ ಉತ್ತರ ಬಂತು. ನಾನು ಸಿಟ್ಟಾದದ್ದು ತಪ್ಪಿಗಲ್ಲ. ಯಾರಾದರೂ ತಪ್ಪು ಮಾಡುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹಾಗೆ ಮಾಡಿ ಮುಗಿಸಿತಲ್ಲ, ಅದಕ್ಕೆ.

ಈಗ ಅರೆಲ್. ಪೈಥಾನ್‌ನಲ್ಲಿ ಬರೆದ ಓಪನ್ ಸೋರ್ಸ್ ಸಾಫ್ಟ್‌ವೇರ್, ಲೈಸೆನ್ಸ್ ಅಪಾಚೆ 2.0, ಫೀಸ್ ಇಲ್ಲ. ನೋಡಲು ಚೆಂದವೇನಲ್ಲ. ಟ್ಯಾಕ್ಸಾನಮಿ ಪ್ಯಾಕೇಜಿನ ಜಿಪ್ ಫೈಲ್ ಮೊದಲೇ ಕೊಡದಿದ್ದರೆ ಎಲ್ಲವನ್ನೂ ನೆಟ್‌ನಿಂದ ತರಿಸುತ್ತಾ ಕೂರುತ್ತದೆ. ಆದರೆ ಎರಡು ಟ್ಯಾಕ್ಸಾನಮಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಸೌಲಭ್ಯ ಅದರಲ್ಲೇ ಇದೆ. ಅದರ ಮೇಲೆ ನಾನೊಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಂಡೆ. ಅದು ನಮ್ಮ ವರದಿ ಬಳಸುವ ಟ್ಯಾಗ್‌ಗಳನ್ನಷ್ಟೇ ನೋಡುತ್ತದೆ. ಯಾವುದು ಮಾಯವಾಗಿದೆ, ಯಾವುದರ ಡೆಬಿಟ್-ಕ್ರೆಡಿಟ್ ಗುರುತು ಬದಲಾಗಿದೆ, ಯಾವುದು ಒಂದು ದಿನದ ಲೆಕ್ಕದಿಂದ ಅವಧಿಯ ಲೆಕ್ಕಕ್ಕೆ ಹೋಗಿದೆ ಅಂತ ಪಟ್ಟಿ ಮಾಡುತ್ತದೆ. ಹೆಸರು ಅದೇ ಇದ್ದು ವಿವರಣೆ ಬದಲಾಗಿದ್ದರೆ ಹಳೇದು, ಹೊಸದು ಎರಡನ್ನೂ ಅಕ್ಕಪಕ್ಕ ತೋರಿಸುತ್ತದೆ. ಅದನ್ನು ಓದುವುದು ಮಹಾ ಬೋರು. ಆದರೆ ಅದನ್ನು ಮನುಷ್ಯರೇ ಓದಬೇಕು.

ತೀರ್ಮಾನಗಳೆಲ್ಲ ಒಂದು ಸಿಎಸ್‌ವಿ ಫೈಲಿನಲ್ಲಿ: ಹಳೇ ಟ್ಯಾಗ್, ಹೊಸ ಟ್ಯಾಗ್, ಕಾರಣ, ಯಾರು ಒಪ್ಪಿದರು. ಪಟ್ಟಿಗೆ ಬಂದ ಒಂದು ಟ್ಯಾಗ್‌ಗೆ ಸಾಲು ಖಾಲಿ ಇದ್ದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ, ಫೈಲನ್ನು ಮುಟ್ಟುವುದಿಲ್ಲ. ನನಗೆ ಬೇಕಿದ್ದದ್ದು ಇದೊಂದೇ.

ಎಡವಿಲ್ಲ ಅಂತಲ್ಲ. ಮೊದಲ ವರ್ಷ ಅಂಕಿಗಳಿಗೆ ಅಂಟಿದ ಹೆಸರುಗಳನ್ನಷ್ಟೇ ಬದಲಿಸಿದ್ದೆ. ಅಂಕಿ ಯಾವ ಅವಧಿಯದ್ದು, ಯಾವ ವಿಭಾಗದ್ದು ಅಂತ ಹೇಳುವ ಕಾಂಟೆಕ್ಸ್ಟ್ ಒಳಗಿನ ಆಕ್ಸಿಸ್, ಮೆಂಬರ್ ಹೆಸರುಗಳೂ ಟ್ಯಾಕ್ಸಾನಮಿಯವೇ ಅನ್ನುವುದು ಮರೆತೇಹೋಗಿತ್ತು. ಅರೆಲ್ ಕೆಂಪು ಎರರ್‌ಗಳನ್ನು ರಾಶಿ ಹಾಕಿತು. ಬೈದುಕೊಂಡೆ, ಆದರೆ ಕನಿಷ್ಠ ಹೇಳಿತಲ್ಲ.

ಅಮೆರಿಕದ ಲೆಕ್ಕಪತ್ರ ನಿಯಮಗಳಾದ ಜಿಎಎಪಿಯ ಟ್ಯಾಕ್ಸಾನಮಿ ಬಳಸುವವರಿಗೆ ಕೆಲಸ ಸ್ವಲ್ಪ ಸುಲಭ. ಅಲ್ಲಿ ಕೈಬಿಡುವ ಟ್ಯಾಗ್‌ಗೆ ಡೆಪ್ರಿಕೇಟೆಡ್ ಅನ್ನುವ ಲೇಬಲ್ಲೂ ದಿನಾಂಕವೂ ಅಂಟಿರುತ್ತವೆ, ಸ್ಕ್ರಿಪ್ಟ್ ಅದನ್ನೇ ಓದಿಕೊಳ್ಳಬಹುದು.

ನಲವತ್ತು ವರದಿ, ಐದಾರು ಜನ ಒಟ್ಟಿಗೆ ಕೂತು ಟ್ಯಾಗ್ ಹಾಕುವ ಟೀಮ್ ಇದ್ದರೆ ಕ್ಲೌಡ್ ಟೂಲ್ ಬಿಡಿ ಅನ್ನುವುದಿಲ್ಲ. ರೋಲ್ ಫಾರ್ವರ್ಡ್ ಒತ್ತಿದ ಮೇಲೆ ಎಕ್ಸ್‌ಟೆನ್ಷನ್ ಟ್ಯಾಗ್‌ಗಳ ಪಟ್ಟಿಯನ್ನು ಕಳೆದ ವರ್ಷದ್ದರ ಜೊತೆ ಹೋಲಿಸಿ, ಅಷ್ಟು ಮಾಡಿ. ನನ್ನದು ಮೂರೇ ವರದಿ. ಆ ಸಬ್‌ಸ್ಕ್ರಿಪ್ಶನ್ ದುಡ್ಡಿಗೆ ಅರ್ಥವಿರಲಿಲ್ಲ. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯುವುದು ನನಗೆ ಅಭ್ಯಾಸವೂ ಇದೆ.

ಮುಂದೆ ಐಎಫ್‌ಆರ್‌ಎಸ್ 18 ಅನ್ನುವ ಹೊಸ ನಿಯಮ ಇದೆ. 2024ರ ಏಪ್ರಿಲ್‌ನಲ್ಲಿ ಬಂದದ್ದು, 2027ರ ಜನವರಿ 1ರಿಂದ ಶುರುವಾಗುವ ವರ್ಷಗಳಿಗೆ ಐಎಎಸ್ 1ರ ಜಾಗದಲ್ಲಿ ಕೂರುತ್ತದೆ. ಲಾಭ-ನಷ್ಟದ ಪಟ್ಟಿ ಆಪರೇಟಿಂಗ್, ಇನ್ವೆಸ್ಟಿಂಗ್, ಫೈನಾನ್ಸಿಂಗ್ ಅಂತ ಹೊಸದಾಗಿ ವಿಂಗಡವಾಗುತ್ತದೆ. ಬಡ್ಡಿ ಆದಾಯದ ಸಾಲು ಯಾವುದರ ಕೆಳಗೆ ಅನ್ನುವುದು ಕಂಪನಿಯ ವ್ಯವಹಾರ ಏನು ಅನ್ನುವುದರ ಮೇಲೆ ನಿಂತಿದೆ, ಟ್ಯಾಗಿನ ಹೆಸರು ನೋಡಿ ಹೇಳಲಾಗುವುದಿಲ್ಲ. ಒಂದು ಕಂಪನಿಯ ವರದಿಗೆ ಸುಮ್ನೆ ಸ್ಕ್ರಿಪ್ಟ್ ಓಡಿಸಿ ನೋಡಿದೆ. ಮೊದಲ ಪುಟದಲ್ಲೇ ನಿಂತಿತು. ಖಾಲಿ ಸಾಲುಗಳ ಪಟ್ಟಿಯನ್ನು ಅವರ ಅಕೌಂಟ್ಸ್ ಟೀಮ್‌ಗೆ ಕಳಿಸಿದ್ದೇನೆ. 'ಯಾರು ಒಪ್ಪಿದರು' ಕಾಲಮ್‌ನಲ್ಲಿ ಇನ್ನೂ ಒಂದು ಹೆಸರೂ ಬಿದ್ದಿಲ್ಲ.