ಪಿಎಂ ಸೂರ್ಯ ಘರ್: ಅಪಾರ್ಟ್‌ಮೆಂಟ್‌ನವ್ರು ಒಟ್ಟಿಗೆ ಸೇರಿ ಹಾಕಿಸಿದ್ರೆ ಹೇಗಿದೆ? (5ಕ್ಕೆ 3.5)

ಪಿಎಂ ಸೂರ್ಯ ಘರ್ ಅಂದ್ರೆ ಟೆರೇಸ್ ಮೇಲೆ ಸೋಲಾರ್ ಕರೆಂಟ್ ಪ್ಲಾಂಟ್ ಹಾಕಿಸೋರಿಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡೋ ಸ್ಕೀಮು. ಸ್ವಂತ ಮನೆ ಇರೋರು ಇದ್ರ ಬಗ್ಗೆ ಬರ್ದಿರೋ ರಿವ್ಯೂ ಬೇಕಾದಷ್ಟು ಸಿಗುತ್ತೆ, ಸಬ್ಸಿಡಿ ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60, ಮೂರು ಅಥವಾ ಅದಕ್ಕಿಂತ ಜಾಸ್ತಿಗೆ 78 ಸಾವಿರ ಅನ್ನೋ ಲೆಕ್ಕ ಎಲ್ರಿಗೂ ಬಾಯಿಪಾಠ ಆಗಿದೆ. ಆದ್ರೆ ಅಪಾರ್ಟ್‌ಮೆಂಟ್‌ನವ್ರೆಲ್ಲ ಸೇರಿ ಟೆರೇಸ್ ಮೇಲೆ ಒಂದೇ ಪ್ಲಾಂಟ್ ಹಾಕಿಸಿದ್ರೆ ಇದೇ ಸ್ಕೀಮಲ್ಲಿ ಏನು ಸಿಗುತ್ತೆ ಅಂತ ಕೇಳಿ ನೋಡಿ, ಹೇಳೋರು ತುಂಬಾ ಕಮ್ಮಿ. ನಾವು 28 ಮನೆಯವ್ರು ಸೇರಿ 20 ಕಿಲೋವ್ಯಾಟ್ ಹಾಕಿಸಿ ಒಂದು ಬೇಸಿಗೆ ಒಂದು ಮಳೆಗಾಲ ಎರಡೂ ನೋಡಿ ಆಯ್ತು, ಹಾಗಾಗಿ ಇನ್ನೊಬ್ರಿಗೆ ಉಪಯೋಗ ಆಗ್ಲಿ ಅಂತ ಪೂರ್ತಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದ್ಲು ದುಡ್ಡಿನ ವಿಷ್ಯ. ಅಸೋಸಿಯೇಷನ್‌ಗೆ ಅಂದ್ರೆ ಲಿಫ್ಟು, ಮೋಟರಿನಂಥ ಎಲ್ರೂ ಬಳಸೋದ್ರ ಕಾಮನ್ ಮೀಟರ್‌ಗೆ ಕೇಂದ್ರ ಸರ್ಕಾರ ಕೊಡೋದು ಕಿಲೋವ್ಯಾಟ್‌ಗೆ 18 ಸಾವಿರ. ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ ಒಟ್ಟು 500 ಕಿಲೋವ್ಯಾಟ್‌ವರೆಗೂ ಹೋಗ್ಬಹುದು, ಇವಿ ಚಾರ್ಜಿಂಗೂ ಇದ್ರಲ್ಲೇ ಬರುತ್ತೆ. ನಮಗೆ ಆ ಲೆಕ್ಕದಲ್ಲಿ 84 ಕಿಲೋವ್ಯಾಟ್ ತನಕ ಅವಕಾಶ ಇತ್ತು, ಆದ್ರೆ ಟೆರೇಸಲ್ಲಿ ಜಾಗ ಎಲ್ಲಿದೆ? ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ಬೇಕು, ಮೇಲ್ಗಡೆ ಆಗ್ಲೇ ಬಿಸಿನೀರಿನ ಸೋಲಾರ್‌ಗಳು ಸಾಲಾಗಿ ಕೂತಿವೆ, ಓವರ್‌ಹೆಡ್ ಟ್ಯಾಂಕಿನ ನೆರಳು ಬೇರೆ, ಬಟ್ಟೆ ಒಣಗಿಸೋ ತಂತಿ ತೆಗೀಬಾರ್ದು ಅಂತ ಮೂರನೇ ಮಹಡಿ ಆಂಟಿಯರದ್ದು ನ್ಯಾಯವಾದ ಬೇಡಿಕೆ. ಕೊನೆಗೆ ತಲೆ ಮೇಲೆ ಎತ್ತರಕ್ಕೆ ಕಬ್ಬಿಣದ ಸ್ಟ್ರಕ್ಚರ್ ಕಟ್ಟಿ ಕೆಳಗೆ ಓಡಾಡೋಕೆ, ಬಟ್ಟೆ ಹಾಕೋಕೆ ಜಾಗ ಬಿಟ್ವಿ, ಅದಕ್ಕೆ ಖರ್ಚು ಏರಿ ಒಟ್ಟು 12 ಲಕ್ಷ ಆಯ್ತು. ಸಬ್ಸಿಡಿ 3 ಲಕ್ಷ 60 ಸಾವಿರ ಕಳೆದ್ರೆ ಮನೆಗೆ 30 ಸಾವಿರ ಬೀಳುತ್ತೆ.

ತಿಂಗಳಿಗೆ ಸರಾಸರಿ 2200 ಯೂನಿಟ್ ಹತ್ರ ಬರ್ತಿದೆ. ಮಾರ್ಚ್ ಏಪ್ರಿಲ್‌ನಲ್ಲಿ ಜೋರು, ಜುಲೈ ಆಗಸ್ಟ್‌ನ ಮೋಡದ ವಾರಗಳಲ್ಲಿ ತುಂಬಾ ಇಳಿಯುತ್ತೆ, ಅದು ಗೊತ್ತಿದ್ದಿದ್ದೇ. ಲಿಫ್ಟು, ಸಂಪಿನ ಮೋಟರು, ಬೋರ್‌ವೆಲ್ಲು, ಕಾರಿಡಾರ್ ಲೈಟು ಎಲ್ಲಾ ಸೇರಿ ಕಾಮನ್ ಬಿಲ್ಲಲ್ಲಿ 13 ಸಾವಿರದಷ್ಟು ಉಳೀತಿದೆ. ಫಿಕ್ಸೆಡ್ ಚಾರ್ಜ್ ಮಾತ್ರ ಸೋಲಾರ್ ಇದ್ರೂ ಕಟ್ಟಲೇಬೇಕು, ಬಿಲ್ ಸೊನ್ನೆ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಈ ಲೆಕ್ಕದಲ್ಲಿ ಹಾಕಿದ ದುಡ್ಡು ಐದೂವರೆ ವರ್ಷಕ್ಕೆ ವಾಪಸ್, ಪ್ಯಾನೆಲ್‌ಗಳ ಪರ್ಫಾರ್ಮೆನ್ಸ್ ವಾರಂಟಿ 25 ವರ್ಷ, ಇನ್ವರ್ಟರ್‌ದು ಅಷ್ಟಿಲ್ಲ, ಮಧ್ಯೆ ಒಂದ್ಸಲ ಬದಲಾಯಿಸೋ ಖರ್ಚು ಈಗ್ಲಿಂದನೇ ತೆಗೆದಿಡ್ತಿದೀವಿ.

ಇಲ್ಲಿ ನಮ್ಮ ರಾಜ್ಯದ ಒಂದು ವಿಷ್ಯ ಹೇಳ್ಬೇಕು. 2023ರಲ್ಲಿ ಗೃಹಜ್ಯೋತಿ ಬಂದ್ಮೇಲೆ ಮನೆ ಮೀಟರ್‌ಗೆ 200 ಯೂನಿಟ್‌ವರೆಗೂ ಫ್ರೀ, ಹಾಗಾಗಿ ನಮ್ಮಲ್ಲಿ ಬಹಳಷ್ಟು ಮನೆಗೆ ಕರೆಂಟ್ ಬಿಲ್ಲೇ ಇಲ್ಲ, ಅವ್ರಿಗೆ ಸೋಲಾರ್ ಯಾಕೆ ಬೇಕು? ಆದ್ರೆ ಕಾಮನ್ ಮೀಟರ್‌ಗೆ ಗೃಹಜ್ಯೋತಿ ಇಲ್ಲ, ಆ ಬಿಲ್ ಮೇಂಟೆನೆನ್ಸ್‌ನಲ್ಲಿ ಎಲ್ರ ಜೇಬಿಂದ ಹೋಗುತ್ತೆ. ಅದಕ್ಕೇ ಕರ್ನಾಟಕದ ಅಪಾರ್ಟ್‌ಮೆಂಟ್‌ಗಳಿಗೆ ಈ ಸ್ಕೀಮಿನ ನಿಜವಾದ ಬೆಲೆ ಇರೋದು ಹಂಚಿಕೊಂಡಿರೋ ಮೀಟರ್‌ನಲ್ಲೇ, ಇದನ್ನ ಜಾಹೀರಾತಲ್ಲಿ ಎಲ್ಲೂ ಹೇಳಲ್ಲ, ಅಲ್ಲಿ ಬರೀ "300 ಯೂನಿಟ್ ಉಚಿತ" ಅಂತ ಒಂದು ಮನೆ ಒಂದು ಕುಟುಂಬದ ಫೋಟೋ.

ಜನರಲ್ ಬಾಡಿಲಿ ಇದನ್ನ ಒಪ್ಪಿಸಿದ್ದು ನೀರು. ಬೋರ್‌ವೆಲ್ ಮತ್ತೆ ಸಂಪಿನ ಮೋಟರ್ ಬಿಲ್ ಎಷ್ಟು ಅಂತ ಬೇರೆ ತೆಗೆದು ತೋರ್ಸಿದ ದಿನ ವಾದ ನಿಂತು ಲೆಕ್ಕ ಶುರುವಾಯ್ತು. ನನಗೆ ಆಗ ಕುಣಿಗಲ್ ತಾಲೂಕಿನ ಪುರ ಹಳ್ಳಿ ನೆನಪಾಯ್ತು, ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಐಐಎಸ್ಸಿಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಮಾಡ್ತಿದ್ದ ಅಸ್ತ್ರ ತಂಡ, ಪ್ರೊಫೆಸರ್ ಅಮೂಲ್ಯ ರೆಡ್ಡಿಯವ್ರು ಕಟ್ಟಿದ್ದು, ಅಲ್ಲಿ ಮೊದ್ಲು ಊರಿನ ಸೆಗಣಿಯಿಂದ ಅಡುಗೆ ಗ್ಯಾಸ್ ಕೊಡೋಕೆ ನೋಡಿದ್ರು, ಎಲ್ಲಾ ಮನೆಗೂ ಸಾಕಾಗೋಷ್ಟು ಗ್ಯಾಸ್ ಬರ್ಲಿಲ್ಲ, ನಡೀಲಿಲ್ಲ. 1987ರಲ್ಲಿ ಅದೇ ಗ್ಯಾಸಲ್ಲಿ ಎಂಜಿನ್ ಓಡಿಸಿ ಕರೆಂಟ್ ಮಾಡಿ ಕೊಳವೆಬಾವಿ ನೀರನ್ನ ನಲ್ಲಿಗೆ ಕೊಟ್ಟು ಮನೆಗೆ ದೀಪ ಹಾಕಿದ್ಮೇಲೆ ಇಡೀ ಊರು ಜೊತೆಗೆ ನಿಂತಿತು. ಸೆಗಣಿ ತಂದ್ಕೊಟ್ಟೋರಿಗೆ ಕೆಜಿಗೆ 2 ಪೈಸೆ, ಹೆಚ್ಚಾಗಿ ತರ್ತಿದ್ದಿದ್ದು ಹೆಂಗಸರು, ಮಿಕ್ಕಿದ ಬಗ್ಗಡ ಗೊಬ್ಬರಕ್ಕೆ ಅವ್ರಿಗೇ ವಾಪಸ್. ಎಲ್ರಿಗೂ ಒಟ್ಟಿಗೆ ಏನು ಬೇಕೋ ಅದನ್ನ ಕೊಟ್ರೆ ಮಾತ್ರ ಎಲ್ರದ್ದೂ ಅಂತ ಇರೋ ಪ್ಲಾಂಟ್ ನಡೆಯುತ್ತೆ ಅನ್ನೋದು ಇಷ್ಟು ವರ್ಷದ ಹಿಂದೆನೇ ನಮ್ಮ ಪಕ್ಕದಲ್ಲೇ ಗೊತ್ತಾಗಿತ್ತು. ಸೂರ್ಯ ಘರ್ ಬರೆದವ್ರು ಇನ್ನೂ ಸ್ವಲ್ಪ ಆ ಕಡೆ ನೋಡ್ಬೇಕಿತ್ತು ಅನ್ಸುತ್ತೆ.

ಯಾಕೆ ಅಂದ್ರೆ, ನನ್ನ ದೊಡ್ಡ ತಕರಾರು ಇದು: ಸಬ್ಸಿಡಿ ಬರೋದು ಎಲ್ಲಾ ಮುಗಿದ ಮೇಲೆ. ಪೋರ್ಟಲಲ್ಲಿ ಅರ್ಜಿ, ಫೀಸಿಬಿಲಿಟಿ (ಪ್ಲಾಂಟನ್ನ ಲೈನಿಗೆ ಸೇರಿಸ್ಬಹುದಾ ಅಂತ ಕರೆಂಟ್ ಕಂಪನಿ ನೋಡೋದು), ಇನ್‌ಸ್ಟಾಲೇಷನ್, ನೆಟ್ ಮೀಟರ್ (ತಗೊಂಡ ಕರೆಂಟು, ವಾಪಸ್ ಕೊಟ್ಟ ಕರೆಂಟು ಎರಡೂ ಅಳೆಯೋದು), ಪ್ಲಾಂಟ್ ಚಾಲೂ ಆಯ್ತು ಅನ್ನೋ ಕಮಿಷನಿಂಗ್ ರಿಪೋರ್ಟ್, ಆಮೇಲೆ ಸಬ್ಸಿಡಿಗೆ ರಿಕ್ವೆಸ್ಟ್, ಅದಾಗಿ 30 ದಿನದೊಳಗೆ ಬ್ಯಾಂಕಿಗೆ ಅಂತ ನಿಯಮ. ಅಷ್ಟೊತ್ತಿಗೆ ಪೂರ್ತಿ 12 ಲಕ್ಷ ನಾವೇ ಹೊಂದಿಸಿರ್ಬೇಕು. ಒಂಟಿ ಮನೆಯವ್ರಿಗೆ 3 ಕಿಲೋವ್ಯಾಟ್‌ವರೆಗೂ ಅಡಮಾನ ಇಲ್ದೇ ಕಮ್ಮಿ ಬಡ್ಡಿ ಸಾಲ ಇಟ್ಟಿದಾರೆ, ಆದ್ರೆ 28 ಮನೆ ಸೇರಿದ ಅಸೋಸಿಯೇಷನ್‌ಗೆ ಅಷ್ಟೇ ಸುಲಭವಾದ ಸಾಲ ಬೇಡ್ವಾ? ನಮ್ಮ ಕಾರ್ಪಸ್‌ನಲ್ಲಿ ಅಂದ್ರೆ ಅಸೋಸಿಯೇಷನ್ ಕೂಡಿಟ್ಟ ನಿಧಿಲಿ 5 ಲಕ್ಷ ಇತ್ತು, ಮನೆಗೆ 25 ಸಾವಿರದಂತೆ 7 ಲಕ್ಷ ಎತ್ತಿದ್ವಿ, ಪೆನ್ಷನ್‌ನಲ್ಲಿ ಇರೋರು ಕಂತಲ್ಲಿ ಕೊಟ್ರು, ಬಾಡಿಗೆಗೆ ಕೊಟ್ಟಿರೋ ಓನರ್‌ಗಳು "ದುಡ್ಡು ನಮ್ದು, ಮೇಂಟೆನೆನ್ಸ್ ಕಮ್ಮಿ ಆಗೋದು ಬಾಡಿಗೆದಾರರಿಗೆ" ಅಂತ ವಾರಗಟ್ಟಲೆ ಕೂತ್ರು, ಅವ್ರದ್ದೂ ತಪ್ಪಲ್ಲ. ಕಾರ್ಪಸ್ ಇಲ್ದಿರೋ, ಆಗ್ಲೇ ಜಗಳದಲ್ಲಿ ಇರೋ ಸಣ್ಣ ಅಪಾರ್ಟ್‌ಮೆಂಟ್‌ಗಳು ಈ ಮೆಟ್ಟಿಲು ಹತ್ತೋಕೇ ಆಗಲ್ಲ, ಸಹಾಯ ಬೇಕಿರೋದು ಅವ್ರಿಗೇ.

ಸಾಲ ಸಿಕ್ಕಿದ್ರೆ ಸಮುದಾಯದವ್ರು ತೀರಿಸ್ತಾರಾ ಅನ್ನೋರಿಗೆ ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯ್ತಿ ತೋರಿಸ್ಬೇಕು. 2006ರಲ್ಲಿ ಆ ಪಂಚಾಯ್ತಿ 350 ಕಿಲೋವ್ಯಾಟ್ ಗಾಳಿಯಂತ್ರ ಹಾಕಿಸ್ತು, ಒಂದೂವರೆ ಕೋಟಿ ಮೇಲೆ ಖರ್ಚು, ಅದ್ರಲ್ಲಿ ಬಹುಪಾಲು ಬ್ಯಾಂಕ್ ಸಾಲ, ಕರೆಂಟನ್ನ ತಮಿಳುನಾಡು ವಿದ್ಯುತ್ ಮಂಡಳಿಗೆ ಮಾರಿ ಬಂದ ದುಡ್ಡಲ್ಲೇ ಸಾಲ ತೀರಿಸಿದ್ರು. ಒಂದು ಗ್ರಾಮ ಪಂಚಾಯ್ತಿ ಮಾಡಿದ್ದನ್ನ ಪಟ್ಟಣದ ಅಸೋಸಿಯೇಷನ್‌ಗಳು ಮಾಡಲ್ವಾ?

ಇನ್ನೊಂದು, ದೆಹಲಿ ಸರ್ಕಾರದ 2023ರ ಸೋಲಾರ್ ಪಾಲಿಸಿ ನೋಡಿ. ಅಲ್ಲಿ ಹೌಸಿಂಗ್ ಸೊಸೈಟಿಗಳಿಗೆ ಪ್ಲಾಂಟ್ ಉತ್ಪಾದನೆ ಮಾಡಿದ ಪ್ರತಿ ಯೂನಿಟ್‌ಗೆ 2 ರೂಪಾಯಿ ರಾಜ್ಯದಿಂದಲೇ ಬರುತ್ತೆ. ಒಂದೇ ಪ್ಲಾಂಟ್‌ನ ಕರೆಂಟನ್ನ ಬೇರೆ ಬೇರೆ ಮನೆ ಮೀಟರ್‌ಗಳಿಗೆ ಹಂಚೋ ವರ್ಚುಯಲ್ ನೆಟ್ ಮೀಟರಿಂಗ್‌ಗೂ ಅಲ್ಲಿ 2019ರಲ್ಲೇ ನಿಯಮ ಆಯ್ತು, ಟೆರೇಸ್ ಹಕ್ಕು ಇಲ್ದಿರೋ ಫ್ಲ್ಯಾಟ್‌ನವ್ರಿಗೂ ಪಾಲು ಸಿಗೋ ಹಾಗೆ. ಯೂನಿಟ್ ಲೆಕ್ಕದಲ್ಲಿ ಕೊಡೋದು ನನಗೆ ತುಂಬಾ ಇಷ್ಟ ಆದ ಪದ್ಧತಿ, ಯಾಕಂದ್ರೆ ಪ್ಯಾನೆಲ್ ಹಾಕಿಸಿ ಮರೆತ್ರೆ ದುಡ್ಡು ಬರಲ್ಲ, ತೊಳೆದು ನೋಡಿಕೊಂಡ್ರೆ ಮಾತ್ರ ಬರುತ್ತೆ.

ತೊಳೆಯೋದು ಅಂದಾಗ ನೆನಪಾಯ್ತು, ಗಡಸು ಬೋರ್‌ವೆಲ್ ನೀರಲ್ಲಿ ಬಿಸಿಲಿಗೆ ಪ್ಯಾನೆಲ್ ತೊಳೆದ್ರೆ ಬಿಳಿ ಕಲೆ ಕೂರುತ್ತೆ, ನಾವು ಬೆಳಿಗ್ಗೆ ಬೇಗ ಮೆತ್ತನೆ ಮಾಪ್ ಹಾಕಿ ಒರೆಸಿ ತೆಗೀತೀವಿ, ವಾಚ್‌ಮನ್‌ಗೆ ಅದಕ್ಕೆ ಅಂತ ಬೇರೆ ಸಂಬಳ ಕೊಡ್ತೀವಿ.

ಕಾಗದಪತ್ರದ ಕತೆ. ನಮಗೆ ಎಲ್ಲಕ್ಕಿಂತ ಹೆಚ್ಚು ಸಮಯ ತಿಂದಿದ್ದು ಕಾಮನ್ ಮೀಟರ್‌ನ ಆರ್‌ಆರ್ ನಂಬರ್ (ಬಿಲ್ಲಲ್ಲಿ ಇರೋ ಕನೆಕ್ಷನ್ ನಂಬರ್) ಇನ್ನೂ ಬಿಲ್ಡರ್ ಹೆಸರಲ್ಲೇ ಇದ್ದಿದ್ದು. ಅರ್ಜಿ ಅಸೋಸಿಯೇಷನ್ ಹೆಸರಲ್ಲಿ, ಬ್ಯಾಂಕ್ ಅಕೌಂಟ್ ಅಸೋಸಿಯೇಷನ್ ಹೆಸರಲ್ಲಿ, ಬಿಲ್ ಮಾತ್ರ ಬಿಲ್ಡರ್ ಹೆಸರಲ್ಲಿ ಇದ್ರೆ ಮುಂದೆ ಹೋಗಲ್ಲ. ಆ ಬಿಲ್ಡರ್ ಮೊದ್ಲು ಫೋನೇ ಎತ್ತಲಿಲ್ಲ, ಆಮೇಲೆ ಟೆರೇಸ್ ತನ್ದೇ ಅಂತ ಶುರು ಮಾಡಿದ, ಸೇಲ್ ಡೀಡ್‌ಗಳಲ್ಲಿ ಟೆರೇಸ್ ಕಾಮನ್ ಏರಿಯಾ ಅಂತ ಸ್ಪಷ್ಟವಾಗಿ ಇದ್ದಿದ್ದಕ್ಕೆ ಬಚಾವ್. ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿನ ಎಂಜಿನಿಯರ್ ಒಬ್ರು ಹೆಸರು ಬದಲಾವಣೆಗೆ ಯಾವ್ಯಾವ ದಾಖಲೆ ಬೇಕು ಅಂತ ಒಂದು ಹಾಳೆಲಿ ಬರೆದ್ಕೊಟ್ಟು ಕೂರಿಸಿ ವಿವರಿಸಿದ್ರು, ಅವ್ರಿಗೆ ನಾವೆಲ್ಲ ಋಣಿ. ಮಂಜೂರಾದ ಲೋಡ್ ಎಷ್ಟಿದೆ ಅಂತಾನೂ ಅವ್ರ ಹತ್ರಾನೇ ಮೊದ್ಲು ಕೇಳಿ, ನಮ್ದು 25 ಕಿಲೋವ್ಯಾಟ್ ಇದ್ದಿದ್ದಕ್ಕೆ 20ರ ಪ್ಲಾಂಟ್‌ಗೆ ತೊಂದ್ರೆ ಆಗ್ಲಿಲ್ಲ.

ಕಂಪನಿ ಆರಿಸೋವಾಗ ಒಂದೇ ಒಂದು ಪ್ರಶ್ನೆ ಮರೀಬೇಡಿ: ಪ್ಯಾನೆಲ್ ಡಿಸಿಆರ್ ಹೌದಾ? ಅಂದ್ರೆ ಸೆಲ್ಲೂ ಮಾಡ್ಯೂಲೂ ಎರಡೂ ಭಾರತದಲ್ಲೇ ಮಾಡಿರ್ಬೇಕು, ಇಲ್ದಿದ್ರೆ ಈ ಸಬ್ಸಿಡಿ ಇಲ್ಲ. ಒಬ್ರು ನಮಗೆ ಎಲ್ರಿಗಿಂತ ಕಮ್ಮಿ ಕೊಟೇಶನ್ ಕೊಟ್ಟು ಅದ್ರ ಕೆಳಗೆ ಸಬ್ಸಿಡಿನೂ ಕಳೆದು ತೋರ್ಸಿದ್ರು, ಕೇಳಿದ್ರೆ ಪ್ಯಾನೆಲ್ ಡಿಸಿಆರ್ ಅಲ್ಲ. ವಯಸ್ಸಾದವ್ರೇ ಇರೋ ಕಮಿಟಿ ಆಗಿದ್ರೆ ಮೂರೂವರೆ ಲಕ್ಷ ಕೈಬಿಟ್ಟು ಹೋಗ್ತಿತ್ತು, ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತೆ. ಪೋರ್ಟಲಲ್ಲಿ ರಿಜಿಸ್ಟರ್ ಆಗಿರೋ ವೆಂಡರ್‌ಗಳ ಪಟ್ಟಿ ಇದೆ, ಅದ್ರಲ್ಲಿ ಇರೋರ ಹತ್ರಾನೂ ಡಿಸಿಆರ್ ಅಂತ ಬರವಣಿಗೆಲಿ ತಗೊಳ್ಳಿ.

ಮತ್ತೆ ಎಲ್ರೂ ಕೇಳೋ ಪ್ರಶ್ನೆ, ಕರೆಂಟ್ ಹೋದಾಗ ಲಿಫ್ಟ್ ನಡೆಯುತ್ತಾ? ಇಲ್ಲ. ಗ್ರಿಡ್‌ಗೆ ಸೇರಿರೋ ಇನ್ವರ್ಟರ್ ಲೈನ್ ಸತ್ತ ಕೂಡ್ಲೇ ತಾನೂ ನಿಲ್ಲುತ್ತೆ, ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದು ಅಂತ ಹಾಗೆ ಮಾಡಿರೋದು, ಅದು ಸರಿಯಾಗೇ ಇದೆ. ಜನರೇಟರ್ ಮಾರಬೇಡಿ.

3.5 ಯಾಕೆ ಕೊಟ್ಟೆ ಅಂದ್ರೆ, ಹಣ ಸಾಕಷ್ಟಿದೆ, ಪೋರ್ಟಲ್‌ನಲ್ಲಿ ಅರ್ಜಿ ಎಲ್ಲಿದೆ ಅಂತ ಮನೇಲೇ ಕೂತು ನೋಡ್ಬಹುದು, 2024ರ ಹೊಸ ನಿಯಮದಲ್ಲಿ 10 ಕಿಲೋವ್ಯಾಟ್ ಮೇಲಿನದಕ್ಕೂ ಫೀಸಿಬಿಲಿಟಿಗೆ 20 ದಿನ ಇದ್ದಿದ್ದು 15ಕ್ಕೆ ಇಳಿದಿದೆ, ಇದೆಲ್ಲ ಒಳ್ಳೇದು. ಒಂದೂವರೆ ಕಡಿಮೆ ಮಾಡಿದ್ದು ಅಸೋಸಿಯೇಷನ್ ಸಾಲದ ವಿಷ್ಯಕ್ಕೆ ಮತ್ತೆ ಒಟ್ಟಿಗೆ ಸೇರೋರನ್ನ ಸ್ಕೀಮಿನ ಮೂಲೆಲಿ ಇಟ್ಟಿರೋದಕ್ಕೆ. 75 ಸಾವಿರ ಕೋಟಿ ರೂಪಾಯಿ ಯೋಜನೆ ಇದು, ಒಂದು ಕೋಟಿ ಮನೆ ಗುರಿ, ಜಿಲ್ಲೆಗೊಂದು ಮಾದರಿ ಸೋಲಾರ್ ಗ್ರಾಮಕ್ಕೆ ಒಂದು ಕೋಟಿ ರೂಪಾಯಿ ಬೇರೆ ಇಟ್ಟಿದಾರೆ, ಅಪಾರ್ಟ್‌ಮೆಂಟ್‌ಗಳಿಗೆ ಮುಂಗಡ ಕೊಡೋ ದಾರಿ ಹುಡುಕೋದು ಕಷ್ಟ ಅಲ್ಲ.

ನಾವೀಗ ಎರಡನೇ ಹಂತಕ್ಕೆ ಪಾರ್ಕಿಂಗ್‌ನಲ್ಲಿ ಇವಿ ಚಾರ್ಜರ್‌ಗೆ ಕೊಟೇಶನ್ ತರಿಸ್ತಿದೀವಿ. ಸ್ಕೀಮ್ 2026-27ರ ಹಣಕಾಸು ವರ್ಷದವರೆಗೆ ಮಾತ್ರ, ಹಾಗಾಗಿ ನಿಮ್ಮ ಕಾಮನ್ ಮೀಟರ್ ಬಿಲ್ ತೆಗೆದು ಯಾರ ಹೆಸರಿದೆ ಅಂತ ಇವತ್ತೇ ನೋಡಿ, ಬಿಲ್ಡರ್ ಹೆಸರಿದ್ರೆ ಪ್ಯಾನೆಲ್ ಕಂಪನಿಗೆ ಫೋನ್ ಮಾಡೋಕ್ ಮುಂಚೆ ಹೆಸರು ಬದಲಾವಣೆ ಅರ್ಜಿ ಕೊಡಿ.